ಒಂಬತ್ತನೆಯ ಹಳದಿ

ನಾದಿನಿ ಮೇಜಿನ ಮೇಲಿನ ನಿಂಬೆಹಣ್ಣನ್ನು ಎತ್ತಿಕೊಂಡದ್ದು ಕಂಡು ಅವಳು ಒಲೆಯ ಮೇಲಿನ ಹಾಲು ಬಿಟ್ಟು ಓಡಿಬಂದಳು.

"ಅದನ್ನ ಅಲ್ಲೇ ಇಡು."

"ಸುಕ್ಕಾಗಿಹೋಗಿದೆ ಅತ್ತಿಗೆ."

"ಇರಲಿ. ಹೇಗಿತ್ತೋ ಹಾಗೇ ಇಡು."

ಗಂಡನ ಅಂತ್ಯಕ್ರಿಯೆ ಮುಗಿದ ಮರುದಿನದ ಬೆಳಗು. ಕಿಟಕಿ ಪಕ್ಕದ ಮೇಜಿನ ಮೇಲೆ ಅವನು ಜೋಡಿಸಿಟ್ಟ ಎಂಟು ಹಳದಿ ವಸ್ತುಗಳು ಹಾಗೇ ಇದ್ದವು. ಮುಂದೆ ನಿಂಬೆ, ಪೆನ್ಸಿಲ್ಲು, ದರ್ಜಿಯ ಅಳತೆಪಟ್ಟಿ. ಎಲ್ಲದರ ಹಿಂದೆ ಮಹಡಿ ಮನೆ ಅಜ್ಜಿಯ ಬಕೆಟ್ಟು. ಎದುರಿಗೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಮೊನ್ನೆ ಒಂಬತ್ತೂವರೆಯ ಬಿಸಿಲಿಗೆ ಕಾಯುತ್ತಿದ್ದವನು ಬಿಸಿಲು ಬರುವ ಮುಂಚೆಯೇ ಎದೆ ಹಿಡಿದುಕೊಂಡು ಕುಸಿದಿದ್ದ. ಮೇಜು ಹೀಗೇ ಇರುವವರೆಗೆ ಅವನು ಅರ್ಧಕ್ಕೆ ಬಿಟ್ಟುಹೋದ ಕೆಲಸಕ್ಕೆ ವಾಪಸು ಬರಬೇಕಾದವನು ಎಂದೇ ಅವಳಿಗೆ ಅನಿಸುತ್ತಿತ್ತು.

\*

ನಿನ್ನೆ ಬಂದವರು ಅತ್ತದ್ದಕ್ಕಿಂತ ಅವನನ್ನು ಅಕ್ಕರೆಯಿಂದ ದೂರಿದ್ದೇ ಹೆಚ್ಚು. ವಾರವೆಲ್ಲ ಪಾಸ್‌ಪೋರ್ಟ್ ಫೋಟೋ, ಮದುವೆ ಫೋಟೋ ತೆಗೆಯುತ್ತಿದ್ದವನು ರಜೆಯ ದಿನ ತನ್ನ ಖುಷಿಗೆ ಒಂದೇ ಬಣ್ಣದ ಚಿತ್ರ ತೆಗೆಯುತ್ತಿದ್ದ. ಅದಕ್ಕೆ ಸಾಮಾನು ಕೊಡದ ಮನೆ ಬೀದಿಯಲ್ಲಿರಲಿಲ್ಲ. ನೀಲಿ ವಾರದಲ್ಲಿ ದರ್ಜಿಯ ಕತ್ತರಿ ಹೋಗಿತ್ತು. ಕೆಂಪು ವಾರದಲ್ಲಿ ಸೈಕಲ್ ಅಂಗಡಿಯವನ ಪಂಪು.

"ವಾಪಸು ಬಂದಾಗ ಎಷ್ಟು ಥಳಥಳ ಅಂತಿತ್ತು ಅಂದ್ರೆ, ಗಿರಾಕಿಗಳು ಹೊಸದಾ ಅಂತ ಕೇಳಿದ್ರು" ಎಂದ ಸೈಕಲ್ ಅಂಗಡಿಯವನು.

ದರ್ಜಿ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡ. ಅವಳಿಗೂ ನಗು ಬಂದಿತ್ತು. ಅಜ್ಜಿ ಮಾತ್ರ ಬಕೆಟ್ಟಿನ ಮಾತೆತ್ತಲಿಲ್ಲ.

\*

ಅವನು ಹೋಗುವ ಹಿಂದಿನ ಸಂಜೆ, ಬಕೆಟ್ಟು ತಂದಾಗ, ಒಂದೇ ಬಣ್ಣ ನೋಡಿ ನೋಡಿ ಬೇಜಾರಾಗುವುದಿಲ್ಲವೇ ಎಂದು ಅವಳು ಕೇಳಿದ್ದಳು.

"ಒಂದೇ ಅಂತ ಯಾರಂದ್ರು? ನಿಂಬೆ ಪಕ್ಕ ಪೆನ್ಸಿಲ್ ಇಟ್ಟು ನೋಡು. ಮುಖ ಕೊಟ್ಟು ಮಾತಾಡಲ್ಲ ಎರಡೂ."

ಬಕೆಟ್ಟನ್ನು ಅವಳ ಗದ್ದದಡಿ ಹಿಡಿದು ಬಲ್ಬಿನತ್ತ ವಾಲಿಸಿದ. "ಈಗ ನೀನೂ ಹಳದಿ."

ಆಮೇಲೆ ಅವಳ ಹಳದಿ ದುಪಟ್ಟಾ ಕೇಳಿದ. ಇಸ್ತ್ರಿ ಹಾಳಾಗುತ್ತದೆಂದು ಅವಳು ಕೊಡಲಿಲ್ಲ. ನಾಳೆ ಕೊಟ್ಟೇ ಕೊಡುತ್ತೀಯ ಎಂದು ಅವನು ಮೇಜಿನ ಬಲಮೂಲೆಯನ್ನು ಖಾಲಿ ಬಿಟ್ಟ.

\*

ಮೇಲಿನ ಮನೆಯಲ್ಲಿ ಪಾತ್ರೆ ನೆಲಕ್ಕೆ ಕುಕ್ಕಿದ ಸದ್ದಾಯಿತು.

"ಅಜ್ಜಿ ಮೂರು ದಿನದಿಂದ ಅಡುಗೆ ಪಾತ್ರೆಯಲ್ಲೇ ಸ್ನಾನದ ನೀರು ಹೊರ್ತಿದ್ದಾರಂತೆ" ಎಂದಳು ನಾದಿನಿ. "ನಿನ್ನ ಹತ್ರ ಕೇಳೋಕೆ ಸಂಕೋಚ."

ಅವಳು ಗಡಿಯಾರ ನೋಡಿದಳು. ಒಂಬತ್ತೂವರೆ ಆಗುತ್ತಾ ಬಂದಿತ್ತು. ಒಳಗೆ ಹೋಗಿ ದುಪಟ್ಟಾ ತಂದು, ಮಡಿಕೆ ಬಿಚ್ಚಿ, ಖಾಲಿ ಮೂಲೆಯಲ್ಲಿ ಹರಡಿದಳು. ಕ್ಯಾಮೆರಾದ ಹಿಂದೆ ನಿಂತಳು. ಬಿಸಿಲು ಮೊದಲು ನಿಂಬೆಯನ್ನು ಮುಟ್ಟಿತು, ಕೊನೆಗೆ ದುಪಟ್ಟಾವನ್ನು. ಗುಂಡಿ ಒತ್ತಿದಳು.

"ಇನ್ನೊಂದು?" ಎಂದಳು ನಾದಿನಿ.

"ಸಾಕು."

ಬಕೆಟ್ಟನ್ನು ತೊಳೆದು, ತಳದವರೆಗೂ ಒರೆಸಿ, ಮಹಡಿ ಹತ್ತಿದಳು.

"ಅಷ್ಟು ಅವಸರ ಏನಿತ್ತಮ್ಮಾ?" ಎನ್ನುತ್ತಲೇ ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ನಲ್ಲಿಯ ಕೆಳಗಿಟ್ಟು ನೀರು ಬಿಟ್ಟಳು. ಕಿಟಕಿಯ ಬಿಸಿಲು ನೇರ ಬಕೆಟ್ಟಿನೊಳಕ್ಕೆ ಬೀಳುತ್ತಿತ್ತು. ನೀರು ಎಷ್ಟಾಯಿತೆಂದು ಅಜ್ಜಿ ಬಗ್ಗಿ ನೋಡಿದಳು. ಅವಳ ಸುಕ್ಕು ಗದ್ದದಡಿ ಹಳದಿ ಬೆಳಕು ಅಲುಗಾಡಿತು.