ಕೈ ಕೊಡುವ ಡ್ರೈವರ್

ಭಾವ ಮನುಷ್ಯರನ್ನೆಲ್ಲ ‘ಅದು’ ಎನ್ನುತ್ತಿದ್ದ. “ಅದು ಬಂತಾ?” ಎಂದರೆ ಬಡಗಿ ಬಂದನೇ ಎಂದರ್ಥ. “ಇದಕ್ಕೆ ಬುದ್ಧಿಯಿಲ್ಲ” ಎಂದರೆ ಅವನ ಹೆಂಡತಿಗೆ, ಅಂದರೆ ನನ್ನ ಅಕ್ಕನಿಗೆ. ಅವನ ಬಾಯಲ್ಲಿ ಮನುಷ್ಯರ ಮರ್ಯಾದೆ ಸಿಗುತ್ತಿದ್ದುದು ಕಾರ್ಖಾನೆಯ ದೊಡ್ಡ ಗರಗಸಕ್ಕೆ ಮಾತ್ರ. ಹಲಗೆ ಕೊಯ್ಯುವ ಆ ಯಂತ್ರವನ್ನು ‘ಅವಳು’ ಎನ್ನುತ್ತಿದ್ದ. “ಅವಳಿಗೆ ಎಣ್ಣೆ ಬಿಟ್ರಾ? ಅವಳು ಯಾಕೋ ಇವತ್ತು ಮುನಿಸ್ಕೊಂಡಿದಾಳೆ.”

“ಮುಂದಿನ ಜನ್ಮಕ್ಕೆ ಗರಗಸ ಆಗಿ ಹುಟ್ಬೇಕಪ್ಪಾ” ಎಂದು ಮೇಸ್ತ್ರಿ ಬೆನ್ನ ಹಿಂದೆ ಗೊಣಗುತ್ತಿದ್ದ.

ಆ ಮರದ ಕಾರ್ಖಾನೆಯ ಮೇಲಿನ ಕೋಣೆಯಲ್ಲಿ ನನ್ನ ಕೆಲಸ. ಗಿರಾಕಿಗಳಿಗೆ ಬೇಕಾದ ಅಲಮಾರಿ, ಮಂಚ, ಅಡುಗೆಮನೆಗಳನ್ನು ಮರ ಕೊಯ್ಯುವ ಮೊದಲೇ ಕಂಪ್ಯೂಟರಿನಲ್ಲಿ ಕಟ್ಟಿ, ಅವುಗಳ ನಡುವೆ ಓಡಾಡಿದ ಹಾಗೆ ತೋರಿಸುವುದು. ಮನೆ ಕಾರ್ಖಾನೆಗೆ ಅಂಟಿಕೊಂಡೇ ಇತ್ತು. ಓದು ಮುಗಿದ ಮೇಲೆ ನಾನು ಬೇರೆ ಊರಿಗೆ ಹೋಗಬಹುದಿತ್ತು. ಅಕ್ಕನನ್ನು ಬಿಟ್ಟು ಹೋಗಲು ಭಯವಾಗಿ ಅಲ್ಲೇ ಉಳಿದೆ. ಅವಳಿಗೆ ಎಡಗಿವಿ ಕೇಳುವುದಿಲ್ಲ. ಯಾಕೆಂದು ಯಾರೂ ಕೇಳುವುದೂ ಇಲ್ಲ.

ಅಂಥ ಮನೆಯಲ್ಲಿ ಕಣ್ಣಿಗಿಂತ ಮೊದಲು ಕಿವಿ ಏಳುತ್ತದೆ. ಮೆಟ್ಟಿಲ ಮೇಲೆ ಭಾವನ ಹಿಮ್ಮಡಿ ಮೊದಲು ಬಿದ್ದರೆ ಒಳ್ಳೆಯ ದಿನ. ಮುಂಗಾಲು ಬಿದ್ದರೆ ಮೇಜಿನ ಮೇಲಿನ ಕತ್ತರಿ, ಗಾಜಿನ ಲೋಟ ಎಲ್ಲ ಒಳಗಿಡುತ್ತಿದ್ದೆ. ಮಾತನ್ನೂ ಹಾಗೆಯೇ. ಎತ್ತಿ ಯಾರ ಮೇಲಾದರೂ ಎಸೆಯಬಹುದಾದ ಮಾತು ಯಾವುದೂ ಅವನ ಕೈಗೆ ಸಿಗದಂತೆ ನೋಡಿಕೊಳ್ಳುತ್ತಿದ್ದೆ.

ಒಂದು ಹೋಟೆಲಿನ ಕೋಣೆಗಳ ಕೆಲಸ ಸಿಗುವ ಹಾಗಾದಾಗ ಕಂಪ್ಯೂಟರಿಗೆ ಹೊಸ ಭಾಗಗಳು ಬೇಕೆಂದೆ. ಮೊದಲು ಒಳಗೆಲ್ಲ ಕರೆಂಟ್ ಹಂಚುವ ಪವರ್ ಸಪ್ಲೈ, ಆಮೇಲೆ ಮೆಮೊರಿ, ಕೊನೆಗೆ ಪರದೆಗೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಎಂದು ಸರದಿಯನ್ನೂ ಹೇಳಿದೆ. ಭಾವ ನನ್ನನ್ನು ಕರೆದುಕೊಂಡೇ ಅಂಗಡಿಗೆ ಹೋದ. ಹೋದವನು ಕೊಂಬು ನೋಡಿ ಎತ್ತು ಕೊಳ್ಳುವವರ ಹಾಗೆ, ಮೂರು ಫ್ಯಾನಿನ, ಬಣ್ಣದ ದೀಪ ಮಿನುಗುವ ಅತಿ ದೊಡ್ಡ ಕಾರ್ಡನ್ನು ಎತ್ತಿಕೊಂಡ.

“ಸಾರ್, ಇದು ಕರೆಂಟ್ ಜಾಸ್ತಿ ಕುಡಿಯುತ್ತೆ. ನಿಮ್ಮ ಹಳೇ ಪವರ್ ಸಪ್ಲೈ ಡಬ್ಬ ತಡಿಯಲ್ಲ. ಅದನ್ನೂ ಬದಲಾಯಿಸ್ಬಿಡಿ” ಎಂದ ಅಂಗಡಿಯವನು.

“ಆ ಡಬ್ಬ ಹೊರಗೆ ಕಾಣ್ಸುತ್ತಾ?”

“ಇಲ್ಲ ಸಾರ್, ಒಳಗಿರುತ್ತೆ.”

“ಕಾಣದೇ ಇರೋದಕ್ಕೆ ಹೊಸದ್ಯಾಕ್ರೀ? ಅಲಮಾರಿ ಹಿಂದುಗಡೆಗೆ ನಾವೇನು ಒಳ್ಳೇ ಮರ ಹಾಕ್ತೀವಾ?”

ಕಾರ್ಡ್ ಹಾಕಿದ ವಾರದಲ್ಲೇ ಪರದೆ ಕಪ್ಪಾಗತೊಡಗಿತು. ಸುಮ್ಮನೆ ಗೆರೆ ಎಳೆಯುವಾಗ ಏನೂ ಆಗದು. ಕನ್ನಡಿ ಬಾಗಿಲಿನ ಅಲಮಾರಿ ಎದುರಿಗೆ ಬಂತೆಂದರೆ, ಕನ್ನಡಿಯೊಳಗಿನ ಕೋಣೆಯನ್ನೂ ಬಿಡಿಸಿ ತೋರಿಸಲು ಕಾರ್ಡ್ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕುತ್ತದೆ, ಫ್ಯಾನುಗಳು ಭೋರೆನ್ನುತ್ತವೆ, ಪಟ್ಟನೆ ಕತ್ತಲು. ಬೆಳಕು ಮರಳಿದಾಗ ಮೂಲೆಯಲ್ಲಿ ಒಂದೇ ಸಾಲು ಇರುತ್ತಿತ್ತು, ಡಿಸ್‌ಪ್ಲೇ ಡ್ರೈವರ್ ಸ್ತಬ್ಧವಾಗಿತ್ತು ಎಂದು. ಡ್ರೈವರ್ ಎಂದರೆ ಕಾರ್ಡಿಗೆ ಹೀಗೆ ಮಾಡು ಹಾಗೆ ಮಾಡು ಎಂದು ಹೇಳಿಕೊಡುವ ಸಾಫ್ಟ್‌ವೇರು. ಅದನ್ನು ಬುಡಸಮೇತ ಅಳಿಸಿ ಹೊಸದು ಹಾಕಿದೆ. ಹೊಸದನ್ನು ಅಳಿಸಿ ಹಳೆಯದಕ್ಕೆ ಮರಳಿದೆ. ಕತ್ತಲು ಮಾತ್ರ ಹೋಗಲಿಲ್ಲ. ಕಾರಣ ಕಣ್ಣಿಗೆ ಕಾಣದ ಆ ಡಬ್ಬವೆಂದು ನನಗೆ ಗೊತ್ತಿತ್ತು. ಅದನ್ನು ಭಾವನಿಗೆ ಹೇಳುವ ಮಾತು ಸಿಕ್ಕಿರಲಿಲ್ಲ.

ಹೋಟೆಲಿನ ಯಜಮಾನಿ ತನ್ನ ಆಫೀಸಿಗೇ ತಂದು ತೋರಿಸಬೇಕೆಂದಳು. ಬೆಳಿಗ್ಗೆ ಕಂಪ್ಯೂಟರನ್ನು ಸಾಮಾನು ಸಾಗಿಸುವ ವ್ಯಾನಿಗೆ ಏರಿಸಿದೆವು. ಭಾವ ತನ್ನ ಕಾರಿನಲ್ಲಿ ಮುಂದೆ ಹೋದ. ವ್ಯಾನಿನ ಡ್ರೈವರನಿಗೆ ಸಿಳ್ಳೆ ಎಂದೇ ಹೆಸರು. ಗಾಡಿ ಹಿಂದಕ್ಕೆ ತೆಗೆಯುವಾಗ ತನಗೆ ತಾನೇ ಸಿಳ್ಳೆ ಹಾಕಿಕೊಳ್ಳುತ್ತಿದ್ದ. ಕಂಪ್ಯೂಟರಿಗೆ ತನ್ನ ಹೊದಿಕೆಯನ್ನೇ ಸುತ್ತಿ, ನನ್ನ ಕಾಲ ಬಳಿ ಇಟ್ಟು, ಹಸುಗೂಸನ್ನು ಕರೆದೊಯ್ಯುವವನಂತೆ ಓಡಿಸಿದ.

ಆಫೀಸಿನಲ್ಲಿ ಮೊದಲ ಕನ್ನಡಿಗೇ ಪರದೆ ಕಪ್ಪಾಯಿತು. ಎರಡನೆಯದಕ್ಕೂ ಆಯಿತು. ಯಜಮಾನಿ ನಕ್ಕಳು. “ಏನ್ರೀ, ಮುಂಗಡ ಕೊಟ್ಮೇಲೆ ನಿಮ್ಮ ಅಲಮಾರಿನೂ ಹೀಗೇ ಮಾಯ ಆಗುತ್ತಾ?” ಮೂರನೆಯ ಸಲ ಅವಳು ನಗಲಿಲ್ಲ, ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಳು. ಭಾವನ ಕಿವಿಯ ಅಂಚು ಕೆಂಪಗಾದದ್ದನ್ನು ನಾನು ನೋಡಿದೆ. ಅವನು ಕಾರಿನ ಕೀಲಿ ಎತ್ತಿಕೊಂಡು ಹೊರಟುಹೋದ.

ಹಿಂದಿರುಗುವಾಗ ಸಿಳ್ಳೆ ಕೇಳಿದ. “ಯಜಮಾನ್ರ ಮುಖ ಸುಟ್ಟ ಬದನೇಕಾಯಿ ಆಗಿತ್ತು. ಏನಾಯ್ತು ಮೇಡಂ?”

“ಕೆಲಸ ಹೋಯ್ತು.”

“ಹಾಗಾದ್ರೆ ಅಕ್ಕಾವ್ರಿಗೆ ಇವತ್ತು ಕಷ್ಟ” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಅಲ್ಲ ಮೇಡಂ, ಅಕ್ಕಾವ್ರು ಗಾಡಿ ಓಡಿಸ್ತಿದ್ರಂತೆ, ನಿಜಾನಾ? ಮೊನ್ನೆ ನಾನು ಗೇರ್ ಹಾಕಿದ ಸದ್ದಿಗೆ ಒಳಗಿಂದಾನೇ ಬೈದ್ರು. ಕ್ಲಚ್ ಸುಟ್ಟುಹಾಕ್ತೀಯಲ್ಲೋ ಅಂತ.”

“ನಮ್ಮಪ್ಪನ ಸೋಡಾ ಸಾಗಿಸೋ ವ್ಯಾನ್ ಅವಳೇ ಓಡಿಸ್ತಿದ್ದಳು. ಮದುವೆ ಆದ್ಮೇಲೆ ಭಾವ ಬಿಡಿಸಿದ್ರು.”

“ಒಂದೇ ಕಿವಿಯಲ್ಲಿ ನನ್ನ ಕ್ಲಚ್ ಕಂಡುಹಿಡಿದ್ರಲ್ಲ!” ಎಂದು ಸಿಳ್ಳೆ ಬೆರಗಾದ.

ಕಾರ್ಖಾನೆಗೆ ಬಂದಾಗ ಗರಗಸ ಓಡುತ್ತಿತ್ತು. ಭಾವ ಅಂಗಿ ಕಳಚಿ ತಾನೇ ಹಲಗೆ ತಳ್ಳುತ್ತಿದ್ದ. ನಾನು ಕಂಪ್ಯೂಟರನ್ನು ಮೇಲಕ್ಕೆ ಒಯ್ದು ಪಕ್ಕದ ಮುಚ್ಚಳ ಬಿಚ್ಚಿದೆ. ಆಗ ಕೆಳಗಿನಿಂದ, ಗರಗಸದ ಸದ್ದಿನ ಮೇಲೆ ಭಾವನ ಕೂಗು ಬಂತು.

“ಯಾರಿಂದ ಆಯ್ತದು? ಯಾರ್ದು ತಪ್ಪು?”

ಎರಡು ಉತ್ತರಗಳಿದ್ದವು. ಡಬ್ಬ ಎಂದರೆ ತಪ್ಪು ಭಾವನದಾಗುತ್ತದೆ, ಏಟು ಅಕ್ಕನಿಗೆ ಬೀಳುತ್ತದೆ. ಡ್ರೈವರ್ ಎಂದರೆ ಅದಕ್ಕೆ ಮೈಯಿಲ್ಲ, ಮುಖವಿಲ್ಲ, ಹೊಡೆಯಲು ಬೆನ್ನಿಲ್ಲ. ಅಳೆದು ತೂಗಿ ಅದನ್ನೇ ಆರಿಸಿ, ಮೆಟ್ಟಿಲ ತುದಿಗೆ ಬಂದು ಕೂಗಿದೆ.

“ಡ್ರೈವರ್‌ದು ಭಾವ! ಡ್ರೈವರೇ ತೊಂದರೆ. ನಡುನಡುವೆ ಕೈ ಕೊಡುತ್ತೆ. ಅದನ್ನ ಪೂರ್ತಿ ತೆಗೆದುಹಾಕಿ ಹೊಸದು ತರ್ಬೇಕು!”

“ಹೌದಾ?” ಎಂದ. ಅಷ್ಟೇ. ನಾನು ಮರಳಿ ಕೂತು ಕಾರ್ಡಿನ ವೈರು ಕೀಳತೊಡಗಿದೆ.

ಕೆಳಗೆ ದಪ್ ಎಂದಿತು. ಮತ್ತೆ ದಪ್. ಗಂಟುಮರ ಒಡೆಯುತ್ತಿದ್ದಾರೆ ಎಂದುಕೊಂಡೆ. ಆದರೆ ಮರಕ್ಕೆ ಬಿದ್ದ ಏಟು ಮರಳಿ ಗಣಗುಟ್ಟುತ್ತದೆ. ಇದು ಗಣಗುಟ್ಟಲಿಲ್ಲ, ಒಳಕ್ಕೆ ಹೀರಿಕೊಂಡಿತು. ಅಂಗಳದಲ್ಲಿ ವ್ಯಾನಿನ ಎಂಜಿನ್ ಇನ್ನೂ ಓಡುತ್ತಿತ್ತು. ಸಿಳ್ಳೆ ಕೇಳಿಸುತ್ತಿರಲಿಲ್ಲ.

ಆಗ ನನ್ನ ವಾಕ್ಯವನ್ನು ನಾನೇ ಇನ್ನೊಮ್ಮೆ ಭಾವನ ಕಿವಿಯಿಂದ ಕೇಳಿದೆ. ಆ ಮನೆಯಲ್ಲಿ ‘ಅದು’ ಎಂದರೆ ಮನುಷ್ಯ.

ಬಿದ್ದೆನೋ ಇಳಿದೆನೋ ಗೊತ್ತಿಲ್ಲ. ಸಿಳ್ಳೆ ಮರದ ಹೊಟ್ಟಿನ ಮೇಲೆ ಮೊಣಕಾಲೂರಿದ್ದ. ಬಾಯಿ ಒಡೆದು ರಕ್ತ ಗಲ್ಲಕ್ಕಿಳಿದಿತ್ತು, ಅದಕ್ಕೆ ಹೊಟ್ಟು ಮೆತ್ತಿಕೊಂಡಿತ್ತು. ಎಡಗೈ ಮೊಣಕೈಯ ಕೆಳಗೆ ಮಡಚಬಾರದ ಜಾಗದಲ್ಲಿ ಮಡಚಿಕೊಂಡಿತ್ತು. ಭಾವನ ಕೈಯಲ್ಲಿ ಮಂಚದ ಕಾಲಿಗೆಂದು ಕಡೆದ ತುಂಡು. ಬೆನ್ನಿಗೆ ಇನ್ನೊಂದು ಏಟು ಬಿತ್ತು. ಬಡಗಿಗಳು ಗೋಡೆಗೆ ಅಂಟಿ ನಿಂತಿದ್ದರು.

“ನನ್ನ ಕಂಪ್ಯೂಟರ್ನ ಗುಂಡೀಲಿ ಕುಣಿಸ್ಕೊಂಡು ಹೋಗಿದೆ ಇದು. ನನ್ನ ಮಾನ ಕುಣಿಸ್ಕೊಂಡು ಹೋಗಿದೆ.”

“ಇಲ್ಲ ಯಜಮಾನ್ರೇ... ಮೆಲ್ಲಗೇ...” ಸಿಳ್ಳೆಯ ಮಾತು ರಕ್ತದಲ್ಲಿ ಗುಳುಗುಟ್ಟಿತು.

“ಆ ಡ್ರೈವರ್ ಅಲ್ಲ ಭಾವ!” ಎಂದು ಕಿರುಚಿದೆ.

ಭಾವ ತಿರುಗಿದ. “ನಮ್ಮಲ್ಲಿ ಎಷ್ಟು ಡ್ರೈವರ್ ಇದೆ?”

“ಇದು ಬೇರೆ. ಕಂಪ್ಯೂಟರ್ ಒಳಗಡೆ ಒಂದು ಡ್ರೈವರ್ ಇರುತ್ತೆ.”

“ಕಂಪ್ಯೂಟರ್ ಒಳಗೆ ಡ್ರೈವರ್ ಕೂತಿದ್ಯಾ? ಸ್ಟೀರಿಂಗ್ ಹಿಡ್ಕೊಂಡು?” ಅವನು ಬಡಗಿಗಳ ಕಡೆ ನೋಡಿ ನಕ್ಕ. ಯಾರೋ ಒಬ್ಬ ಹೆದರಿಕೆಗೆ ತಾನೂ ನಕ್ಕುಬಿಟ್ಟ. “ಕೇಳಿದ್ರೇನ್ರೋ? ವ್ಯಾನಲ್ಲಿ ಅದರ ಪಕ್ಕ ಕೂತು ಬಂತಲ್ಲ ಇದು, ಕನಿಕರ ಉಕ್ತಾ ಇದೆ.”

ಸಿಳ್ಳೆಯ ಬಲಗೈಯ ಮಣಿಕಟ್ಟು ಹಿಡಿದು ಅವನನ್ನು ಎಳೆದುಕೊಂಡು ಗರಗಸದ ಮೇಜಿಗೆ ಹೋದ. ಹಲ್ಲಿನ ಚಕ್ರ ಕಣ್ಣಿಗೆ ಹಲ್ಲೇ ಕಾಣದಷ್ಟು ವೇಗವಾಗಿ ತಿರುಗುತ್ತಿತ್ತು.

“ಕೈ ಕೊಡುತ್ತಂತಲ್ಲ ಇದು. ಕೊಡ್ಲಿ. ಇಸ್ಕೋತೀನಿ.”

ಸಿಳ್ಳೆ ಕಾಲು ಒದ್ದಾಡಿಸಿದ. ಅಂಗೈ ಮೇಜಿನ ತಗಡಿನ ಮೇಲೆ ಇಷ್ಟಿಷ್ಟೇ ಮುಂದಕ್ಕೆ ಜಾರಿತು. ಇನ್ನು ನನ್ನ ಬಳಿ ಮೈಯಿಲ್ಲದ ಮಾತು ಯಾವುದೂ ಉಳಿದಿರಲಿಲ್ಲ.

“ನಿಮ್ಮ ತಪ್ಪು ಭಾವ!”

ಅವನ ಕೈ ನಿಂತಿತು.

“ಯಾವ ಡ್ರೈವರ್‌ದೂ ಅಲ್ಲ. ನೀವು ತಂದ ಕಾರ್ಡಿಗೆ ನಮ್ಮ ಹಳೇ ಡಬ್ಬದ ಕರೆಂಟ್ ಸಾಲಲ್ಲ. ಅಂಗಡಿಯವನು ಹೇಳ್ದ, ನಾನೂ ಹೇಳ್ದೆ. ಕಾಣದೇ ಇರೋದಕ್ಕೆ ಯಾಕೆ ಅಂದ್ರಿ. ಹೋಟೆಲ್ ಕೆಲಸ ಹೋಗಿದ್ದು ನಿಮ್ಮಿಂದ. ಅವನ ಕೈ ಬಿಡಿ.”

ಆ ಕ್ಷಣಕ್ಕೆ ದೀಪಗಳು ಆರಿದವು. ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಹಿಡಿಗೆ ಅಕ್ಕ ಎರಡೂ ಕೈಯಲ್ಲಿ ಜೋತುಬಿದ್ದಿದ್ದಳು. ಆದರೆ ಕರೆಂಟ್ ಹೋದರೂ ಗರಗಸ ತಕ್ಷಣ ನಿಲ್ಲುವುದಿಲ್ಲ. ಬೆಚ್ಚಿದ ಭಾವನ ಹಿಡಿತ ಅಲುಗಿತು, ಸಿಳ್ಳೆ ಕೈ ಕಿತ್ತುಕೊಂಡ, ಕಿತ್ತುಕೊಳ್ಳುವಾಗಲೇ ಟಿಕ್ ಎಂಬ ಸಣ್ಣ ಸದ್ದಾಯಿತು. ಕಿರುಬೆರಳಿನ ತುದಿ ಹೊಟ್ಟಿನಲ್ಲಿ ಬಿತ್ತು. ಉಳಿದ ನಾಲ್ಕು ಅವನಲ್ಲೇ ಉಳಿದವು.

ಭಾವ ನನ್ನ ಬಳಿಗೆ ಬಂದ. ಮರದ ತುಂಡು ಭುಜಕ್ಕೆ ಬಿತ್ತು. ಕೆಳಗೆ ಬಿದ್ದವಳ ಪಕ್ಕೆಗೆ ಕಾಲು ಬಿತ್ತು. ಪ್ಲೈವುಡ್ಡಿನ ಅಂಚಿಗೆ ತಗುಲಿ ಹುಬ್ಬು ಸೀಳಿತು. “ನಾನು ತಂದದ್ದಾ? ನಾನು ತಂದದ್ದು ಸರಿಯಿಲ್ವಾ?” ಎಂದು ಪ್ರತಿ ಏಟಿಗೂ ಕೇಳಿದ. ಅಕ್ಕ ಬಂದು ಅವನ ತೋಳಿಗೆ ಹಲ್ಲು ಊರಿದಳು. ಅವಳನ್ನು ಕೊಡವಿ ಎಸೆದ.

ಒಂದು ಕಣ್ಣಿಗೆ ರಕ್ತ ಇಳಿದಿದ್ದರೂ ಇನ್ನೊಂದರಿಂದ ನಾನು ಅವನನ್ನೇ ನೋಡುತ್ತಿದ್ದೆ. ಅವನಿಗೆ ಹೊಡೆಯಲು ಒಂದು ಮೈ ಬೇಕಿತ್ತು.

“ಮೇಲಿದೆ ಭಾವ” ಎಂದೆ. “ನಿಮ್ಮ ಮಾನ ತೆಗೆದದ್ದು ಮೇಲಿದೆ. ಬಾಗಿಲು ತೆಗೆದೇ ಇಟ್ಟಿದೀನಿ. ಹೋಗಿ ನೋಡಿ.”

ಅವನು ಮೇಸ್ತ್ರಿಯ ದೊಡ್ಡ ಸುತ್ತಿಗೆ ಎತ್ತಿಕೊಂಡ. ಮೆಟ್ಟಿಲ ಮೇಲೆ ಮುಂಗಾಲು ಮೊದಲು ಬಿತ್ತು. ಆಮೇಲೆ ಗಾಜು, ತಗಡು, ಮತ್ತೆ ತಗಡು. ನಾನು ಕಟ್ಟಿದ ಕೋಣೆಗಳೆಲ್ಲ, ಕನ್ನಡಿಗಳೆಲ್ಲ ಅದರೊಳಗಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ಒಂದೊಂದು ಏಟೂ ಸಿಳ್ಳೆಯ ಮೈಮೇಲೆ ಬೀಳದೆ ಹೋದದ್ದು ಎಂದುಕೊಂಡು ಎದ್ದೆ.

ಮೇಸ್ತ್ರಿಯೂ ನಾನೂ ಸಿಳ್ಳೆಯನ್ನು ವ್ಯಾನಿನವರೆಗೆ ಹೊತ್ತೆವು. ಬೆಳಿಗ್ಗೆ ಕಂಪ್ಯೂಟರಿಗೆ ಸುತ್ತಿದ್ದ ಹೊದಿಕೆಯನ್ನು ಅವನ ಕೈಗೆ ಸುತ್ತಿದೆ. ಎಂಜಿನ್ ಓಡುತ್ತಲೇ ಇತ್ತು, ಓಡಿಸುವವರಿರಲಿಲ್ಲ.

“ಜರುಗೇ” ಎಂದಳು ಅಕ್ಕ.

“ಅಕ್ಕಾ, ಎಷ್ಟು ವರ್ಷ ಆಯ್ತು ನೀನು...”

“ಹಳೇದು ತೆಗೆದು ಹೊಸ ಡ್ರೈವರ್ ಹಾಕ್ಬೇಕು ಅಂತ ನೀನೇ ತಾನೇ ಕೂಗಿದ್ದು? ನನ್ನ ಬಲಗಿವಿ ಚೆನ್ನಾಗಿದೆ. ಜರುಗು.”

ಸೀಟಿಗೆ ಹತ್ತಿ ಕೂತಳು. ಅವಳ ಕಾಲು ಬರಿಗಾಲು. ಹಿಂದೆ ಹಲಗೆಗಳ ರಾಶಿ, ಅದರ ಪಕ್ಕ ಕಿರಿದಾದ ಗೇಟು. ಗಾಡಿ ಹಿಂದಕ್ಕೆ ಸರಿಯಿತು. ಸಿಳ್ಳೆ ಅಭ್ಯಾಸಬಲದಿಂದ ತುಟಿ ಕೂಡಿಸಿದ. ಒಡೆದ ತುಟಿಯಿಂದ ರಕ್ತದ ಗುಳ್ಳೆಯೊಂದು ಬಂದು ಒಡೆಯಿತು. “ಬರ್ಲಿ” ಎಂದ, ನರಳುತ್ತ. “ಬರ್ಲಿ, ಬರ್ಲಿ, ಬಲಕ್ಕೆ... ಕ್ಲಚ್ ಅಕ್ಕಾವ್ರೇ, ಕ್ಲಚ್ ಸುಡ್ತೀರಾ...”

“ಬಾಯಿ ಮುಚ್ಕೊಳೋ.”

ಗೇಟಿನ ಹತ್ತಿರ ಬಂದಾಗ ಮೇಲಿನ ಕಿಟಕಿಯಲ್ಲಿ ಭಾವ ಕಾಣಿಸಿದ. ಕೈಯಲ್ಲಿ ಮೂರು ಫ್ಯಾನಿನ ಕಾರ್ಡು ಮುರಿದು ನೇತಾಡುತ್ತಿತ್ತು. ಅದರ ತಗಡು ಕೊಯ್ದು ಅವನ ಅಂಗೈಯಿಂದಲೂ ರಕ್ತ ತೊಟ್ಟಿಕ್ಕುತ್ತಿತ್ತು. ವ್ಯಾನಿನಲ್ಲಿ ಯಾರಿದ್ದಾರೆ, ಯಾರು ಓಡಿಸುತ್ತಿದ್ದಾರೆ ಎಂದು ಅವನಿಗೆ ಆಗಷ್ಟೇ ಕಂಡಿತು.

“ಗೇಟ್ ಹಾಕ್ರೋ!” ಎಂದು ಅರಚಿದ. “ಅದನ್ನ ಹಿಡೀರೋ! ಅದನ್ನ ಹೊರಗೆ ಹೋಗೋಕೆ ಬಿಡ್ಬೇಡಿ!”

ಮೇಸ್ತ್ರಿ ಗೇಟಿನ ಪಕ್ಕದಲ್ಲೇ ನಿಂತಿದ್ದ. ಬಡಗಿಗಳೂ ಬಂದು ನಿಂತಿದ್ದರು. ಮೇಸ್ತ್ರಿ ತೆರೆದ ಗೇಟಿನ ಸರಳಿನ ಮೇಲೆ ಕೈಯಿಟ್ಟು, ಬಹಳ ವಿನಯದಿಂದ ಮುಖ ಮೇಲೆತ್ತಿದ.

“ಯಾವುದನ್ನ ಯಜಮಾನ್ರೇ?”

ರಸ್ತೆಗೆ ಬಂದು ಅಕ್ಕ ಗೇರ್ ಬದಲಿಸಿದಳು. ಸದ್ದೇ ಆಗಲಿಲ್ಲ.