ಫ್ಲೆಕ್ಸಿಯಲ್ಲಿ ಹಿಡಿಸದ ತಲೆ

“ಏಣಿ ಭಾಳ ಉಪಯೋಗದ ವಸ್ತುರಿ, ಮೇಡಂ. ನಾ ಇಲ್ಲ ಅನ್ನಂಗಿಲ್ಲ. ಆದರ ಏಣಿಗೆ ಯಾರರ ಹಾರ ಹಾಕಿದ್ದು ನೋಡೀರೇನು?”

ನಿಶಾಂತ ಈ ಮಾತು ಹೇಳಿದ್ದು ಹೈದರಾಬಾದಿನ ಕೊಂಡಾಪುರದ ಬಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕದ ಚಹಾದಂಗಡಿಯಲ್ಲಿ, ಇಡೀ ತಂಡದ ಎದುರು, ಕೈಯಲ್ಲಿದ್ದ ಉಸ್ಮಾನಿಯಾ ಬಿಸ್ಕತ್ತನ್ನು ನನ್ನತ್ತ ತೋರಿಸುತ್ತ. ತಂಡ ನಕ್ಕಿತು. ಚಹಾದವನೂ ನಕ್ಕ. ಅವನಿಗೆ ಕನ್ನಡ ಬರುವುದಿಲ್ಲ. ಎಲ್ಲರೂ ನನ್ನನ್ನು ನೋಡಿ ನಕ್ಕರಲ್ಲ, ಅವನಿಗೆ ಅಷ್ಟೇ ಸಾಕಾಯಿತು.

ನಾನು ನಿಂತಿದ್ದೆ. ಅಲ್ಲಿ ನಾನು ಯಾವಾಗಲೂ ನಿಂತೇ ಇರುತ್ತೇನೆ. ಆ ಅಂಗಡಿಯ ಸ್ಟೂಲಿನ ಮೇಲೆ ಕೂತರೆ ನನ್ನ ಮೊಣಕಾಲು ನನ್ನ ಕಿವಿಗೇ ಬಂದು ತಾಗುತ್ತದೆ.

ನನ್ನ ಹೆಸರು ಚನ್ನು. ಎತ್ತರ ಆರಡಿ ಎಂಟಿಂಚು. ಊರು ಗುರುಮಠಕಲ್ ಕಡೆ. ಹಿಂದಿನವರಿಗೆ ಬೋರ್ಡು ಕಾಣುವುದಿಲ್ಲವೆಂದು ಎಂಟನೇ ಕ್ಲಾಸಿನ ಮಾಸ್ತರರು ನನ್ನನ್ನು ಕೊನೆಯ ಬೆಂಚಿಗೆ ಕಳಿಸಿದರು, ಬೆಂಚಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ. ಬಾಗಿಲತನಕ ಬಂದವನಿಗೆ ಹೊರಗೆ ಹೋಗುವುದು ಏನು ದೂರ? ಅವ್ವ ಬಂಡೆಮ್ಮನ ಹಿಂದೆ ಹೈದರಾಬಾದಿಗೆ ಬಂದುಬಿಟ್ಟೆ. ಅವಳು ಹೊಸ ಕಟ್ಟಡಗಳಲ್ಲಿ ಕಾಂಕ್ರೀಟು ಹೊರುತ್ತಾಳೆ. ನಾನು ಮನೆಗಳಿಗೆ ಫಾಲ್ಸ್ ಸೀಲಿಂಗ್ ಕೂರಿಸುತ್ತೇನೆ. ಉಳಿದವರಿಗೆಲ್ಲ ಏಣಿ ತರುವ ನಮ್ಮ ಗುತ್ತೇದಾರ ನನ್ನ ಪಾಲಿನದನ್ನು ತರುವುದೇ ಇಲ್ಲ. ಹಾಗಾಗಿ ನಿಶಾಂತನ ಏಣಿಯ ಮಾತು ಬೇರೆಯವರಿಗಿಂತ ನನಗೆ ಸ್ವಲ್ಪ ಹೆಚ್ಚು ಚುಚ್ಚುತ್ತದೆ.

ಹರ್ಷದಾ ಮೇಡಂ ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನ ಸೀಲಿಂಗ್ ಕೂರಿಸುವಾಗ, ಬಾಯಿ ತೆರೆದ ಪೇಷೆಂಟನ್ನು ಹಾಗೇ ಬಿಟ್ಟು ಬಂದು, “ಬಾಸ್ಕೆಟ್‌ಬಾಲ್ ಆಡ್ತೀಯೇನಪಾ?” ಎಂದು ಕೇಳಿದ್ದರು. ಹೈದರಾಬಾದಿನ ಬಡಾವಣೆಗಳ ಲೀಗಿನಲ್ಲಿ ‘ಕೊಂಡಾಪುರ ಚೀತಾಸ್’ ಎಂಬ ಫ್ರಾಂಚೈಸಿ ಅವರದು. ಲೀಗಿನ ನಿಯಮವೆಂದರೆ, ಪ್ರತಿ ವರ್ಷ ಎಲ್ಲ ಆಟಗಾರರೂ ಮತ್ತೆ ಹರಾಜಿಗೆ ಹೋಗಬೇಕು. ಒಬ್ಬನನ್ನು ಮಾತ್ರ ಫ್ರಾಂಚೈಸಿ ತನ್ನವನೆಂದು ಉಳಿಸಿಕೊಳ್ಳಬಹುದು. ಅವನೇ ತಂಡದ ಮುಖ. ಚೌರಸ್ತಾದ ಫ್ಲೆಕ್ಸಿ ಬ್ಯಾನರಿನಲ್ಲಿ ಎಲ್ಲರಿಗಿಂತ ದೊಡ್ಡದಾಗಿ ಬರುವುದು ಅವನ ಫೋಟೋ.

ನನಗೆ ಆ ಜಾಗ ಬೇಕಿತ್ತು. ಅವ್ವ ದಿನಾ ಬೆಳಿಗ್ಗೆ ಕೂಲಿ ಗಾಡಿಗೆ ಕಾಯುವುದು ಅದೇ ಚೌರಸ್ತಾದಲ್ಲಿ. “ನನ್ನ ಮಗಂದು ಫೋಟೋ ಬರತೈತಿ ಇಲ್ಲಿ” ಎಂದು ಜೊತೆಯ ಹೆಂಗಸರಿಗೆಲ್ಲ ಹೇಳಿಯೂ ಬಿಟ್ಟಿದ್ದಳು.

“ರಿಂಗಿನ ಕೆಳಗ ನಿಂದರೂ ಬಿಗ್ ಮ್ಯಾನ್ ಫ್ರಾಂಚೈಸಿ ಪ್ಲೇಯರ್ ಆಗೋದು ಸಾಧ್ಯನ ಇಲ್ಲರಿ,” ನಿಶಾಂತ ಬಿಸ್ಕತ್ತು ಅದ್ದುತ್ತ ಮುಂದುವರಿಸಿದ. ಅವನು ನಮ್ಮ ಕ್ಯಾಪ್ಟನ್. ಆಡುವುದು ಗಾರ್ಡ್ ಆಗಿ, ಅಂದರೆ ಬಾಲ್ ತಟ್ಟುತ್ತ ತರುವವನು ಅವನು, ಯಾರಿಗೆ ಕೊಡಬೇಕು ಯಾರಿಗೆ ಬೇಡ ಎನ್ನುವವನೂ ಅವನೇ. ಅಜ್ಜನ ಕಾಲದಿಂದ ಇಲ್ಲೇ ಸರ್ಕಾರಿ ನೌಕರಿಯಲ್ಲಿದ್ದ ವಿಜಯಪುರ ಕಡೆಯ ಮನೆತನ. ಅಪ್ಪಣೆ ಕೊಡುವುದು ರಕ್ತದಲ್ಲೇ ಇದೆ. “ಬಾಲ್ ನಾ ಕೊಟ್ಟರ ಇವನ ಕೈಗೆ ಬರ್ತದ. ಕೊಡಲಿಲ್ಲ ಅಂದರ? ಸೀಲಿಂಗ್ ನೋಡ್ಕೋತ ನಿಂದರಬೇಕು.”

“ರಿಂಗಿಗೆ ಬಡದು ಬರೂ ರಿಬೌಂಡ್ ಯಾರು ಹಿಡೀತಾರ? ನಿಮ್ಮ ಕಾಕಾ?” ಎಂದೆ.

“ಹಿಡೀತಿ. ಹಿಡದು ಮತ್ತ ನನಗ ಕೊಡ್ತಿ. ತಟ್ಕೋತ ಓಡಾಕ ಬರ್ತದೇನು ನಿನಗ?”

“ಅಮೆರಿಕಾದಾಗ ಈಗ ಏಳಡಿ ಮನಶ್ಯಾನೂ ಪಾಸ್ ಕೊಡ್ತಾನ, ದೂರದಿಂದ ಹಾಕ್ತಾನ, ನಿಶಾಂತ,” ಎಂದರು ಮೇಡಂ.

“ಅದು ಅಮೆರಿಕಾರಿ. ಇದು ಗುರುಮಠಕಲ್. ಆಟ ಮುಗಿಯೂ ಹೊತ್ತಿಗೆ ಎದುರಿನವರು ಬೇಕಂತನ ಇವಗ ಫೌಲ್ ಮಾಡ್ತಾರ. ಫೌಲಿಗೆ ಸಿಗೂ ಫ್ರೀ ಥ್ರೋ ಇವ ಹಾಕಿದರ ಬಾಲ್ ಸೀದಾ ಶಂಶಾಬಾದಿಗೆ ಹೋಗಿ ವಿಮಾನ ಹತ್ತತದ.”

ಮತ್ತೆ ನಗು. ನನ್ನ ಫ್ರೀ ಥ್ರೋ ಬಗ್ಗೆ ಅವನು ಹೇಳಿದ್ದು ಸುಳ್ಳೇನಲ್ಲ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಮೇಡಂ ನೋವು ಹೆಚ್ಚಾಗುವತನಕ ಹಲ್ಲು ಕೀಳುವವರಲ್ಲ. “ಫೈನಲ್ ಮುಗೀಲಿ, ಆಮ್ಯಾಲ ಯಾರು ಅಂತ ಹೇಳ್ತೀನಿ. ಸದ್ಯಕ್ಕ ಫ್ಲೆಕ್ಸಿಗೆ ಇಡೀ ತಂಡದ ಫೋಟೋ ಹಾಕಸ್ರಿ,” ಎಂದರು. ಫ್ಲೆಕ್ಸಿಯ ಜವಾಬ್ದಾರಿಯನ್ನು ನಿಶಾಂತ ತಾನಾಗಿಯೇ ವಹಿಸಿಕೊಂಡ. ಅವನು ತಾನಾಗಿ ಕೆಲಸ ವಹಿಸಿಕೊಂಡದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಈ ಊರಿನಲ್ಲಿ ಫ್ಲೆಕ್ಸಿ ಎಂದಮೇಲೆ ಮೇಲಿನ ಅಂಚಿನಲ್ಲಿ ನಾಯಕರ ಮುಖಗಳು ದುಂಡಗೆ, ಸಾಲಾಗಿ ಇರಲೇಬೇಕು. ಹುಟ್ಟುಹಬ್ಬವಿರಲಿ, ಗಣಪತಿಯಿರಲಿ, ಹಲ್ಲಿನ ಡಾಕ್ಟರ ಚೀತಾಗಳಿರಲಿ. ಫ್ಲೆಕ್ಸಿ ಅಂಗಡಿಯ ಮನೋಜ ನಮ್ಮ ಫೋಟೋ ಕೂರಿಸಿ, ಅದರ ಮೇಲಂಚಿಗೆ ರೂಢಿಯಂತೆ ದುಂಡು ಮುಖಗಳನ್ನು ಅಂಟಿಸಿದ್ದ. ಎಲ್ಲರ ತಲೆಯೂ ಸರಿಯಾಗಿ ಆ ಸಾಲಿನ ಕೆಳಗೆ ಬಂದಿತ್ತು. ಎಲ್ಲರ ನಡುವೆ ನಿಂತ ನನ್ನ ತಲೆ ಬರಬೇಕಾದ ಕಡೆ ಮಾತ್ರ ವಾರ್ಡಿನ ಒಬ್ಬ ನಾಯಕರು ಬಂದು ಕೂತಿದ್ದರು. ಜರ್ಸಿ ನನ್ನದು, ತೋಳು ನನ್ನದು, ಕುತ್ತಿಗೆಯೂ ನನ್ನದೇ. ಅದರ ಮೇಲೆ ಅವರ ಕಪ್ಪು ಕನ್ನಡಕ, ದಪ್ಪ ಮೀಸೆ. ನಾಯಕರು ಚಡ್ಡಿ ಹಾಕಿಕೊಂಡು ನಮ್ಮ ಪರವಾಗಿ ಆಡಲು ಬಂದ ಹಾಗಿತ್ತು.

ನಿಶಾಂತ ಅದನ್ನು ನೋಡಿ, ಒಪ್ಪಿ, ಎರಡು ಪ್ರತಿ ತೆಗೆಸಿದ. ದೊಡ್ಡದು ಚೌರಸ್ತಾಕ್ಕೆ, ಸಣ್ಣದು ಕೋರ್ಟಿನ ಗೇಟಿನ ಪಕ್ಕದ ಬೇಲಿಗೆ.

ಅವ್ವ ಅಂದು ಸಂಜೆ ಬಂದು ಟಿಫಿನ್ ಡಬ್ಬಿ ಕುಕ್ಕಿದಳು. “ಚನ್ಯಾ, ನಿನ್ನ ಕುತ್ತಿಗಿ ಮ್ಯಾಲ ಯಾರಲೇ ಅವರು?”

“ನಾಯಕರು ಬೇ.”

“ಜೋಡಿ ಕೆಲಸದ ಗೋದಾವರಿ ಕೇಳಿದಳು, ‘ಬಂಡೆಮ್ಮ, ನಿನ್ನ ಮಗಗ ಮೀಸಿ ಯಾವಾಗ ಬಂತವ್ವ’ ಅಂತ. ಗಾಡ್ಯಾಗಿನ ಮಂದಿ ಎಲ್ಲಾ ಹೊಟ್ಟಿ ಹಿಡ್ಕೊಂಡು ನಕ್ಕರು.”

“ನೀ ಏನಂದಿ?”

“ಫ್ಲೆಕ್ಸಿಯೊಳಗಿನ ನಿನ್ನ ಮೊಣಕಾಲು ತೋರಿಸಿದೆ. ಹಳೇ ಗಾಯ ಕಾಣತೈತಲ್ಲ? ಕುತ್ತಿಗಿತನಕ ನನ್ನ ಮಗಾ, ಅದರ ಮ್ಯಾಲಿಂದು ಸರಕಾರದ್ದು ಅಂದೆ.”

ನಾನು ಚಪ್ಪಲಿ ಹಾಕಿಕೊಂಡೆ. ನಿಶಾಂತನ ಮನೆಗೆ ಹೋಗಿ ಅವನ ಹಲ್ಲು ಉದುರಿಸಿದರೆ ಮೇಡಂಗೂ ಒಂದಿಷ್ಟು ಕೆಲಸವಾಗುತ್ತದೆ ಎಂಬ ಆಲೋಚನೆ ನನ್ನದು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಹೊಡದು ಏನ್ ಮಾಡ್ತಿ? ಸ್ಲ್ಯಾಬ್ ಹಾಕೂ ದಿನ ನೋಡಿಯಿಲ್ಲ? ಕೆಳಗಿಂದ ಬುಟ್ಟಿ ಕೈಯಿಂದ ಕೈಗೆ ಮ್ಯಾಲ ಹೋಗತಾವ. ಮ್ಯಾಲ ನಿಂತಾವ ಒಬ್ಬ ಕೈ ಕಟ್ಟಿದ ಅಂದರ ಕೆಳಗಿನ ಮಂದಿ ಬುಟ್ಟಿ ಹೊತ್ಕೊಂಡು ನಿಂದರತೈತಿ. ಆಗ ಮೇಸ್ತ್ರಿ ಬೈಯೂದಿಲ್ಲ, ‘ಏನ್ ಬೇಕಪಾ ನಿನಗ’ ಅಂತಾನ.”

ಚಪ್ಪಲಿ ಬಿಚ್ಚಿದೆ. ರೊಟ್ಟಿ ತಿನ್ನುತ್ತ ತಿನ್ನುತ್ತ ಸಿಟ್ಟಿಗೆ ಒಂದು ದಾರಿ ಸಿಕ್ಕಿತು.

ಭಾನುವಾರ ಫೈನಲ್. ಎದುರಾಳಿ ಶಂಶಾಬಾದ್ ತಂಡ. ಅವ್ವ, ಗೋದಾವರಿ ಮತ್ತು ಗಾಡಿಯ ಹೆಂಗಸರೆಲ್ಲ ಬಂದು ಬೇಲಿಯ ಬಳಿ ಕೂತಿದ್ದರು. ನಿಶಾಂತ ಎಲ್ಲರಿಗೂ ಕೇಳುವಂತೆ ನನಗೆ ಪಾಠ ಹೇಳಿದ. “ರಿಂಗಿನ ಬಾಜೂಕ, ಬಣ್ಣದ ಚೌಕದ ಹೊರಗ ನಿಂದ್ರು. ಕೈ ಎತ್ತು. ತಲಿ ಓಡಸಬ್ಯಾಡ. ಹೆಂಗೂ ಫ್ಲೆಕ್ಸಿಯೊಳಗ ನಿನಗ ತಲಿ ಇಲ್ಲ.”

“ಆತ್ರಿ ಸರ,” ಎಂದೆ.

ಹೇಳಿದಂತೆಯೇ ಮಾಡಿದೆ. ಕೈ ಎತ್ತಿ ನಿಂತೆ. ಬಾಲ್ ಎಡಕ್ಕೆ ಹೋಯಿತು, ಹೋಗಲಿ. ಬಲಕ್ಕೆ ಬಂತು, ಬರಲಿ. ಒಮ್ಮೆ ನನ್ನ ಭುಜಕ್ಕೆ ಬಡಿದು ಹೊರಗೆ ಉರುಳಿತು. ಉರುಳುವುದನ್ನು ನೋಡಿದೆ. ಇನ್ನೊಂದಿಷ್ಟು ಹೊತ್ತಿಗೆ ತಂಡ ಕಾಲಿಗೆ ಬೀಳುತ್ತದೆ ಎಂದುಕೊಂಡಿದ್ದೆ.

ಆದರೆ ಶಂಶಾಬಾದಿನವರು ಹೆದರಿಬಿಟ್ಟರು. ಇಷ್ಟು ಎತ್ತರದವನು ಸುಮ್ಮನೆ ನಿಂತಿದ್ದಾನೆಂದರೆ ಏನೋ ದೊಡ್ಡ ಹಂಚಿಕೆ ಇರಬೇಕೆಂದು ಇಬ್ಬರು ಬಂದು ನನಗೆ ಅಂಟಿಕೊಂಡರು. ಹೀಗೆ ಇಬ್ಬರು ನನ್ನ ಕಾವಲಿಗೆ ನಿಂತಮೇಲೆ ನಿಶಾಂತನಿಗೆ ಎದುರೇ ಇಲ್ಲ. ಆರಾಮಾಗಿ ಬಂದು ಹಾಕಿದ. ಮತ್ತೆ ಬಂದು ಹಾಕಿದ. ಹಾಕಿದ ಪ್ರತಿಸಲ ಎದೆ ತಟ್ಟಿಕೊಂಡು ಮೇಡಂ ಕಡೆ ನೋಡಿದ. ಅವ್ವ ಹೇಳಿದಂತೆ ಕೆಲಸ ನಿಲ್ಲಿಸಿ ನಾನು ನನ್ನ ವೈರಿಯನ್ನೇ ಗೆಲ್ಲಿಸುತ್ತಿದ್ದೆ! ಇಂಥ ಅನ್ಯಾಯ ಎಲ್ಲಿಯಾದರೂ ಉಂಟೆ?

ಸಿಟ್ಟಿನಲ್ಲಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದೆ. ಇಬ್ಬರೂ ಸರಿದರು. ಮೂಲೆಗೆ ಹೋದೆ. ಬಂದರು. ಬಗ್ಗಿ ಲೇಸು ಕಟ್ಟಿದೆ. ಅವರೂ ಬಗ್ಗಿ ಕಾದರು. ಮದುವೆಯ ಮರುದಿನದ ಹೊಸ ಅಳಿಯನ ಹಿಂದೆ ಕೂಡ ಮಂದಿ ಹೀಗೆ ತಿರುಗುವುದಿಲ್ಲ.

ಆಗ ನನಗೆ ತಿಳಿಯಿತು. ನಾನು ದೂರ ಹೋದರೆ ನಿಶಾಂತನಿಗೆ ಬಾಗಿಲು ತೆರೆಯುತ್ತದೆ, ಹತ್ತಿರ ಬಂದರೆ ಮುಚ್ಚುತ್ತದೆ. ಮುಂದಿನ ಸಲ ಅವನು ನುಗ್ಗಿ ಬರುವ ಹೊತ್ತಿಗೆ ನನ್ನ ಇಬ್ಬರನ್ನೂ ಕರೆದುಕೊಂಡು ಅವನ ದಾರಿಗೇ ಬಂದೆ. ನಿಶಾಂತ ಇಬ್ಬರಿಗೂ ಡಿಕ್ಕಿ ಹೊಡೆದು ಅಂಗಾತ ಬಿದ್ದ. ಬಾಲ್ ಅತ್ತ, ಶಂಶಾಬಾದಿಗೆ ಎರಡು ಪಾಯಿಂಟು ಇತ್ತ.

“ಏ ಚನ್ನು! ಇಲ್ಲಿ ಯಾಕ ಬಂದಿ?”

“ಏಣಿ ಗಾಳಿಗೆ ಸರಿದಾಡತೈತ್ರಿ ಸರ.”

ಇನ್ನೊಮ್ಮೆ ಬಂದ, ಇನ್ನೊಮ್ಮೆ ಬಿದ್ದ. ಬೇಲಿಯ ಬಳಿ ಗೋದಾವರಿ ಸೀಟಿ ಹೊಡೆದಳು. ಆಟ ಮುಗಿಯುತ್ತ ಬಂದಾಗ ನಾವು ಒಂದು ಪಾಯಿಂಟು ಹಿಂದೆ. ಮೇಡಂ ಟೈಮ್‌ಔಟ್ ಕೇಳಿದರು. ಎಲ್ಲರನ್ನೂ ಸುತ್ತ ನಿಲ್ಲಿಸಿ, “ಈಗ ಹೇಳು ನಿಶಾಂತ, ಆಟ ಯಾರ ಕೈಯಾಗ ಅದ?” ಎಂದರು.

ನಿಶಾಂತನ ಮೊಣಕೈ ತರಚಿಹೋಗಿತ್ತು. ಅದನ್ನು ಊದಿಕೊಳ್ಳುತ್ತ, ನನ್ನ ಕಡೆ ನೋಡದೆ, “ಏನ್ ಬೇಕಪಾ ನಿನಗ?” ಎಂದ.

ಅವ್ವನ ಮೇಸ್ತ್ರಿಯ ಮಾತು! ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಬಾಲ್ ಬೇಕ್ರಿ.”

ಕೊಟ್ಟ. ಕೊಟ್ಟದ್ದೇ ತಡ, ಅವನು ಚಹಾದಂಗಡಿಯಲ್ಲಿ ಹೇಳಿದಂತೆಯೇ ಆಯಿತು. ಶಂಶಾಬಾದಿನವನೊಬ್ಬ ನನ್ನನ್ನು ತಬ್ಬಿ ಹಿಡಿದ. ಫೌಲ್. ಎರಡು ಫ್ರೀ ಥ್ರೋ.

ನಿಶಾಂತ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ಮೊದಲನೆಯದು ರಿಂಗನ್ನು ಮುಟ್ಟದೆ ಹಾಗೇ ಹೋಯಿತು, ಪ್ರಯಾಣ ಸುಖಕರವಾಗಿರಲಿ. ಎರಡನೆಯದು ರಿಂಗಿನ ಕಬ್ಬಿಣಕ್ಕೆ ಠಣ್ಣೆಂದು ಬಡಿದು ನೇರ ಮೇಲಕ್ಕೆದ್ದಿತು. ನಾನು ಒಳಗೆ ಕಾಲಿಟ್ಟೆ. ಶಂಶಾಬಾದಿನ ಮೂವರು ಹಾರಿದರು. ನಾನು ಆಗಲೇ ಹಾರಲಿಲ್ಲ. ಅವರಿಗೆ ಅವಸರವಿತ್ತು, ಬಾಲಿಗೆ ಇರಲಿಲ್ಲ. ಅವರು ಇಳಿಯುವತನಕ ಕಾದು, ಬಾಲನ್ನು ಬೊಗಸೆಯಲ್ಲಿ ಹಿಡಿದು, ಒಮ್ಮೆ ಮಾತ್ರ ಜಿಗಿದು, ಮೇಲಿನ ಅಟ್ಟಕ್ಕೆ ಡಬ್ಬಿ ಇಟ್ಟಂತೆ ರಿಂಗಿನೊಳಗೆ ಇಟ್ಟೆ. ಈ ಸಲ ಬಾಲನ್ನು ನನಗೆ ಕೊಟ್ಟದ್ದು ನಿಶಾಂತನಲ್ಲ, ನನ್ನದೇ ಕೆಟ್ಟ ಫ್ರೀ ಥ್ರೋ.

ಪೀಪಿ ಊದಿದರು. ಗೆದ್ದೆವು.

ಮೇಡಂ ಎಲ್ಲರ ನಡುವೆ ನಿಂತು ಹೇಳಿದರು. “ಮುಂದಿನ ವರ್ಷಕ್ಕ ಉಳಿಸ್ಕೊಳ್ಳೋದು ಚನ್ನುನ್ನ. ಇವನ ನಮ್ಮ ಮುಖ. ನಾಳೆನ ಹೊಸ ಫ್ಲೆಕ್ಸಿ ಆಗಬೇಕು, ಇವನ ತಲಿ ಸಮೇತ.”

ಅವ್ವ ಗೋದಾವರಿಯ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಮೀಸೆಯ ಮಾತಿಗೆ ಆ ಗುದ್ದೇ ಸಾಕಿತ್ತು.

ನಿಶಾಂತನೂ ಚಪ್ಪಾಳೆ ತಟ್ಟಿದ. ಅವನ ಗುಣವೆಂದರೆ ಅದೇ, ಸೋತರೂ ಕೆಲಸ ಹೇಳುವುದನ್ನು ಬಿಡುವುದಿಲ್ಲ. “ಹಂಗಾದರ ಈ ಹಳೇದು ಈಗ ಬಿಚ್ಚಿಬಿಡೋಣು,” ಎಂದು ಬೇಲಿಯ ಫ್ಲೆಕ್ಸಿಯ ಹತ್ತಿರ ಹೋದ. ಮೇಲಿನ ಗಂಟು ಕೈಗೆ ಸಿಗಲಿಲ್ಲ. ಚಹಾದಂಗಡಿಯ ಸ್ಟೂಲು ತರಿಸಿ ಅದರ ಮೇಲೆ ಹತ್ತಿದ. ಸ್ಟೂಲು ಅಲುಗಾಡಿತು. ತುದಿಗಾಲಲ್ಲಿ ನಿಂತು, ಎರಡೂ ಕೈ ಎತ್ತಿ, ನಾಯಕರ ಕಪ್ಪು ಕನ್ನಡಕಕ್ಕೆ ಮೂಗು ತಾಗಿಸಿಕೊಂಡು ತಡಕಾಡಿದ. ಇನ್ನೂ ಒಂದು ಗೇಣು ಬೇಕಿತ್ತು.

“ಏ ಚನ್ನು, ಬಾ ಇಲ್ಲೆ. ಒಂದಿಷ್ಟು ಕೈ ಎತ್ತಿ ಬಿಚ್ಚಪಾ. ಏಣಿ ಇಲ್ಲ ಇಲ್ಲಿ.”

ತಂಡ ನನ್ನ ಕಡೆ ನೋಡಿತು. ಚಹಾದವನೂ ನೋಡಿದ, ಯಾವಾಗ ನಗಬೇಕೆಂದು ಕಾಯುತ್ತ.

ನಾನು ಅವ್ವನ ಕೈಯಿಂದ ಟಿಫಿನ್ ಡಬ್ಬಿ ತೆಗೆದುಕೊಂಡೆ. ಗೇಟಿಗೆ ಹೋಗುವ ದಾರಿ ಆ ಸ್ಟೂಲಿನ ಪಕ್ಕದಲ್ಲೇ ಇತ್ತು. ನಿಶಾಂತ ಕೈ ಎತ್ತಿಕೊಂಡೇ ನನ್ನ ಕಡೆ ತಿರುಗಿದ. ಸ್ಟೂಲಿನ ಮೇಲೆ ನಿಂತರೂ ಅವನ ತಲೆ ನನ್ನ ತಲೆಗಿಂತ ಅಷ್ಟೇನೂ ಮೇಲಿರಲಿಲ್ಲ.

“ಕೇಳಸ್ತಿಲ್ಲೇನು? ಚನ್ನು? ನಿನಗ ಹೇಳಾಕತ್ತೀನಿ!”

ನನ್ನ ಭುಜ ತಾಗಿ ಫ್ಲೆಕ್ಸಿ ಒಮ್ಮೆ ಅಲುಗಿತು. ನಾನು ಗೇಟು ದಾಟಿ ರಸ್ತೆಗೆ ಬಂದೆ.