ಹಿಂದಕ್ಕೆ ಬಿದ್ದ ಲೋಲಾಕು

ಬಿಟ್ಟಿ ಎಂಬ ಒಂದೇ ಮಾತಿಗೆ ಆ ಮನೆಯ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಅಕ್ಕ ಎಷ್ಟು ಸಲ ಫೋನ್ ಮಾಡಿದರೂ ತಂಗಿಯ ಅತ್ತೆಯದು ಅದೇ ರಾಗ: ಜ್ವರ, ಮಲಗಿದ್ದಾಳೆ, ಬರೋದೇನೂ ಬೇಡ. ತಂಗಿಯ ಗಂಡನಿಗೆ ಇದು ಎರಡನೇ ಸಂಬಂಧ. ಮೊದಲನೆಯವಳು ಕಾಯಿಲೆಯಿಂದ ತೀರಿಕೊಂಡಳೆಂದು ಗಂಡಿನ ಕಡೆಯವರು ಹೇಳಿದ್ದರು, ಹೆಣ್ಣಿನ ಕಡೆಯವರು ನಂಬಿದ್ದರು. ಹೊತ್ತು ಗೊತ್ತಿಲ್ಲದೆ ಫೋನ್ ಮಾಡಿ ತಲೆ ತಿನ್ನುತ್ತಿದ್ದ ಹುಡುಗಿ ಒಮ್ಮೆಗೇ ಮಾತು ನಿಲ್ಲಿಸಿದರೆ ಒಡಹುಟ್ಟಿದವಳು ಸುಮ್ಮನೆ ಕೂರುತ್ತಾಳೆಯೇ?

ಅಕ್ಕನ ಕಸುಬು ಹಳೆಯ ಚಿತ್ರಗಳಿಗೆ ಬೆಲೆ ಕಟ್ಟುವುದು. ತಂಗಿ ಅವಳನ್ನು ಭೂತಗನ್ನಡಿ ಎಂದೇ ಕರೆದು ಕಾಡಿಸುತ್ತಿದ್ದಳು. ಆ ಮನೆಯ ಹಾಲ್‌ನಲ್ಲಿ ಯಾರೋ ಹೆಂಗಸಿನ ಮುಖ ಬರೆದ ಹಳೇ ಕಾಗದವೊಂದು ಚೌಕಟ್ಟಿನೊಳಗಿತ್ತು. ಬಿಟ್ಟಿಯಾಗಿ ಅದರ ಬೆಲೆ ಹೇಳುತ್ತೇನೆ ಎಂದಳು ಅಕ್ಕ. ಅತ್ತೆಯ ದನಿ ಬೆಣ್ಣೆಯಾಯಿತು. ನೀನೇನು ಹೊರಗಿನವಳೇ, ಬಾರಮ್ಮ ಎಂದರು.

ಹೋದದ್ದೇ ತಂಗಿಯನ್ನು ನೋಡಬೇಕೆಂದಳು. ಈಗ ತಾನೇ ಕಣ್ಣು ಮುಚ್ಚಿದ್ದಾಳೆ, ಮೊದಲು ಕೆಲಸ ಮುಗಿಸು ಎಂದ ಅತ್ತೆ, ಮಹಡಿಯ ಮೆಟ್ಟಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತರು. ಎಂಥಾ ಗಟ್ಟಿಗಿತ್ತಿ! ಅಕ್ಕ ಸಿಟ್ಟು ನುಂಗಿಕೊಂಡು ಕಿಟಕಿಯ ಮೇಜಿಗೆ ಹೋದಳು.

ಚೌಕಟ್ಟಿನ ಹಿಂದಿನ ರಟ್ಟು ಬಿಚ್ಚಿ, ಧೂಳನ್ನು ಕುಂಚದಿಂದ ಸವರಿ, ಹಾಳೆಯನ್ನು ಬೆಳಕಿಗೆ ಹಿಡಿದಳು. ಕೈಯಲ್ಲಿ ಮಾಡಿದ ಕಾಗದ. ಬೆಳಕು ಬಿದ್ದಲ್ಲೆಲ್ಲ ಕಂದಾಗಿತ್ತು, ಚೌಕಟ್ಟು ಮುಚ್ಚಿದ ಅಂಚು ಮಾತ್ರ ಬೆಳ್ಳಗಿತ್ತು. ಮುಖವನ್ನು ಇದ್ದಿಲಿನಲ್ಲಿ ಬರೆದಿದ್ದರು, ನುರಿತ ಕೈ. ಕಣ್ಣು ಮಾತ್ರ ಬೇರೆ ಕಪ್ಪು. ಆಮೇಲೆ ಯಾವಾಗಲೋ ಶಾಯಿಯಲ್ಲಿ ಬರೆದು ಸೇರಿಸಿದ್ದರು. ಕಿವಿಯ ಲೋಲಾಕಿನ ಹತ್ತಿರ ಬಂದಾಗ ಅವಳ ಕೈ ನಿಂತಿತು. ಭುಜದ ಕಡೆ ಇಳಿಯಬೇಕಾದ ಲೋಲಾಕು ತಲೆಯ ಹಿಂಭಾಗಕ್ಕೆ ಬಿದ್ದಿತ್ತು. ಮುಂಗೂದಲೂ ಹಾಗೆಯೇ. ಅವಳು ಹಾಳೆಯನ್ನು ಅಡ್ಡ ತಿರುಗಿಸಿದಳು. ಆಗ ಎಲ್ಲವೂ ಸರಿಹೋಯಿತು. ಚಿತ್ರದ ಹೆಂಗಸು ಅಂಗಾತ ಮಲಗಿದ್ದಳು.

"ಇದು ಸತ್ತ ಮೇಲೆ ಬರೆಸಿದ್ದಾ?"

"ಮತ್ತೆ? ಬದುಕಿರೋವಾಗ ಯಾರು ಒಂದು ಕಡೆ ಸುಮ್ನೆ ಇರ್ತಾರೆ? ಬೆಲೆ ಹೇಳಮ್ಮ."

ಕ್ಯಾಮೆರಾ ಇಲ್ಲದ ಕಾಲ, ಅಂಥವನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ ಎಂದು ಅಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎದೆ ಕೇಳಬೇಕಲ್ಲ! ಇದ್ದ ಬೆಲೆಯ ಹತ್ತರಷ್ಟು ಹೇಳಿದಳು. ಅತ್ತೆ ಬಾಯಿ ತೆರೆದವರು ಮುಚ್ಚಲಿಲ್ಲ. ಊರಿಗೆ ಹೋಗಿದ್ದ ಮಗನಿಗೆ ಹೇಳಲು ಫೋನ್ ಹಿಡಿದು ಒಳಕೋಣೆಗೆ ಹೋದರು. ಅಕ್ಕ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು.

ಮೆಟ್ಟಿಲು ತಿರುಗುವಲ್ಲಿ ಇನ್ನೊಂದು ಚಿತ್ರ. ತಂಗಿಯ ಗಂಡನ ಮೊದಲ ಹೆಂಡತಿ. ಫೋಟೋದಲ್ಲಿ ನೋಡಿದ ಮುಖ, ಗುರುತು ಸಿಕ್ಕಿತು. ಕಿವಿಯಲ್ಲಿ ಅದೇ ಲೋಲಾಕು, ಹಿಂದಕ್ಕೆ ಬಿದ್ದದ್ದು. ಕಣ್ಣು ಬೇರೆ ಕಪ್ಪು. ಇವಳ ಕಾಲಕ್ಕೆ ಕ್ಯಾಮೆರಾ ಇರಲಿಲ್ಲವೇ? ಅಕ್ಕ ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು.

ತಂಗಿಯ ಕೋಣೆಯ ಬಾಗಿಲು ಓರೆಯಾಗಿತ್ತು. ಮಂಚದ ಪಕ್ಕ ಮುದುಕನೊಬ್ಬ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕೂತಿದ್ದ, ಬೆರಳೆಲ್ಲ ಇದ್ದಿಲು. ಹಲಗೆಯ ಮೇಲಿನ ಮುಖ ತಂಗಿಯದು. ಮೂಗು, ತುಟಿ, ಹಿಂದಕ್ಕೆ ಬಿದ್ದ ಲೋಲಾಕು ಎಲ್ಲ ಮುಗಿದಿತ್ತು. ಕಣ್ಣಿನ ಜಾಗ ಖಾಲಿ ಇತ್ತು.

"ಇನ್ನೂ ಉಸಿರಿದೆ ಅಂತ ನಾನು ಹೇಳ್ದೆನಮ್ಮ," ಎಂದ ಮುದುಕ, ತನ್ನದೇನೂ ತಪ್ಪಿಲ್ಲ ಎನ್ನುವಂತೆ. "ಪರವಾಗಿಲ್ಲ, ಶುರು ಮಾಡಿ ಅಂದ್ರು."

ಅಕ್ಕ ಮಂಚಕ್ಕೆ ಹಾರಿ ತಂಗಿಯ ಕೆನ್ನೆ ತಟ್ಟಿದಳು. ಮೈ ಬೆಚ್ಚಗಿತ್ತು. ತಂಗಿಯ ತುಟಿ ಅಲುಗಿತು.

"ಭೂತಗನ್ನಡಿ... ನಿದ್ದೆ ಬಿಡ್ತಾನೇ ಇಲ್ಲ ಕಣೇ. ಹಾಲು ಬೇಡ ಅಂದ್ರೂ ಅತ್ತೆ ಕುಡಿಸ್ತಾರೆ."

ಅಕ್ಕನಿಗೆ ಅಳು ಉಕ್ಕಿ ಬಂತು, ಅದರ ಹಿಂದೆಯೇ ಕೊಲ್ಲುವಷ್ಟು ಸಿಟ್ಟು. ತಂಗಿಯ ಬೆನ್ನಿಗೆ ಕೈ ಕೊಟ್ಟು ಎತ್ತಿ ಕೂರಿಸಿದಳು. ಲೋಲಾಕು ಒಮ್ಮೆ ತೂಗಾಡಿ, ಭುಜದ ಕಡೆಗೆ ನೆಟ್ಟಗೆ ಇಳಿಯಿತು.

"ಅಲ್ಲಾಡಿಸಿಬಿಟ್ರಲ್ಲಮ್ಮ," ಎಂದು ಮುದುಕ ಗೊಣಗಿದ.

"ಏಳೇ. ನಡಿಯೋಕಾಗದಿದ್ರೆ ಹೊತ್ಕೊಂಡು ಹೋಗ್ತೀನಿ."

ಕೆಳಗೆ ಅತ್ತೆಯ ಫೋನ್ ಮಾತು ನಿಂತಿತ್ತು. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ ಸದ್ದು ಮೇಲಿನವರೆಗೂ ಕೇಳಿಸಿತು.